ಅಗ್ನಿಗಾಹುತಿಯಾದ ಪ್ರಾಚೀನ ವಾಹನಗಳು

1

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿಗೆ ಸೇರಿದ ಗೋಗಿ ಗ್ರಾಮವು ಆದಿಲಶಾಹಿ ವಂಶದ ಆದ್ಯರ ಸಮಾಧಿಸ್ಥಾನವೆಂದು ಚರಿತ್ರಾಭ್ಯಾಸಿಗಳಿಗೆ ಸುಪರಿಚಿತವಾದುದು. ಸೂಫಿ ಸಂತನಾದ ಚಂದಾ ಹುಸೇನಿಯ ದರ್ಗಾದ ಸನ್ನಿಧಿಯಲ್ಲಿ, ಕ್ರಿ.ಶ. 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲಶಾಹನೂ, 1534ರಲ್ಲಿ ತೀರಿಕೊಂಡ ಅವನ ಮಗ ಇಸ್ಮಾಯಿಲನೂ, 1558ರಲ್ಲಿ ತೀರಿಕೊಂಡ ಮೊಮ್ಮಗ ಮೊದಲನೆಯ ಇಬ್ರಾಹೀಮನೂ ಮಣ್ಣಾಗಿದ್ದಾರೆ. ಅವರ ಗೋರಿಗಳ ಕಲ್ಲು ಇಂದಿಗೂ ಉಳಿದಿದೆ. ಆದರೆ ಆ ಅರಸರನ್ನು ಅಷ್ಟು ದೂರ ಹೊತ್ತು ತಂದ ವಾಹನವು ಎಂತಹುದು, ಅದರ ಮರ ಯಾವುದು, ಅಚ್ಚು ಎಷ್ಟು ದಪ್ಪ, ಕೀಲು ಹೇಗೆ ಕೂಡಿತ್ತು ಎಂಬುದನ್ನು ತಿಳಿಸುವ ಒಂದು ತುಂಡು ಮರವೂ ಅಲ್ಲಿ ನೋಡಲು ದೊರೆಯದು.

ಬಿಜಾಪುರದ ಕೋಟೆಯಲ್ಲಿಯೂ ಇದೇ ಸ್ಥಿತಿ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ಎಂಬ ಮಹಾ ಫಿರಂಗಿಯು ಷೇರ್ಜಾ ಬುರುಜಿನ ಮೇಲೆ ಇಂದಿಗೂ ಮಲಗಿದೆ. ಅದನ್ನು ಪರಾಂಡಾ ಕೋಟೆಯಿಂದ 400 ಎತ್ತುಗಳೂ 10 ಆನೆಗಳೂ ಎಳೆದು ತಂದುವೆಂದು ಪ್ರತೀತಿಯುಂಟು. ಎಳೆದ ಪಶುಗಳ ಲೆಕ್ಕವು ಜನರ ಬಾಯಲ್ಲಿ ಉಳಿಯಿತು. ಅಷ್ಟು ಭಾರವನ್ನು ಹೊತ್ತ ಗಾಡಿ ಮಾತ್ರ ಉಳಿಯಲಿಲ್ಲ.

ಇದರಿಂದ ಒಂದು ಸಾಮಾನ್ಯ ನಿಯಮವು ಹೊರಡುತ್ತದೆ. ನಿಂತಲ್ಲಿಯೇ ನಿಲ್ಲುವ ವಸ್ತುಗಳನ್ನು ನಮ್ಮ ಹಿಂದಿನವರು ಕಲ್ಲಿನಿಂದಲೂ ಲೋಹದಿಂದಲೂ ಮಾಡಿದರು. ಚಲಿಸತಕ್ಕವುಗಳನ್ನು ಮರದಿಂದ ಮಾಡಿದರು. ಆದುದರಿಂದಲೇ ಚಲನೆಯ ಚರಿತ್ರೆಯು ಸ್ಥಾವರದ ಚರಿತ್ರೆಗಿಂತ ಎಷ್ಟೋ ಬಡವಾಗಿದೆ. ಅಳಿದುಳಿದ ಹಳೆಯ ವಾಹನಗಳನ್ನು ಮಳೆ ಗೆದ್ದಲುಗಳಿಂದ ಕಾಪಾಡಲೆಂದೇ ವಸ್ತುಸಂಗ್ರಹಾಲಯಗಳು ಹುಟ್ಟಿದುವು. ಆದರೆ ಈ ರಕ್ಷಣೆಯಲ್ಲಿಯೇ ಒಂದು ಅಪಾಯವು ಅಡಗಿದೆ. ಹತ್ತಾರು ಊರುಗಳಲ್ಲಿ ಚದುರಿದ್ದಾಗ ಒಂದು ಕಿಡಿಗೆ ಒಂದೇ ವಾಹನವು ಬಲಿಯಾಗುತ್ತಿತ್ತು. ಒಂದೇ ಸೂರಿನ ಕೆಳಗೆ ಕೂಡಿಸಿದ ಮೇಲೆ ಒಂದು ರಾತ್ರಿಯಲ್ಲಿ ಎಲ್ಲವೂ ಬೂದಿಯಾಗಬಹುದು. ಹೀಗೆ ಆದುದಕ್ಕೆ ಪರದೇಶಗಳಲ್ಲಿ ನಿದರ್ಶನಗಳುಂಟು. ಅವುಗಳಿಂದ ಕನ್ನಡ ನಾಡು ಕಲಿಯತಕ್ಕ ಪಾಠವೂ ಉಂಟು.

2

ಈ ವಿಷಯದಲ್ಲಿ ಮೊದಲು ನೆನೆಯತಕ್ಕುದು ಇಟಲಿಯ ನೇಮಿ ಸರೋವರದ ನೌಕೆಗಳ ವೃತ್ತಾಂತ. ರೋಮ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಈ ಸರೋವರದ ತಳದಲ್ಲಿ, ಕ್ರಿ.ಶ. 37ರಿಂದ 41ರ ವರೆಗೆ ಆಳಿದ ಕಾಲಿಗುಲ ಚಕ್ರವರ್ತಿಯ ಎರಡು ಭಾರಿ ನೌಕೆಗಳು ಮುಳುಗಿದ್ದುವು. ಒಂದೊಂದೂ 70 ಮೀಟರಿಗಿಂತ ಉದ್ದವಾಗಿದ್ದಿತು. ಹದಿನೈದನೆಯ ಶತಮಾನದಿಂದಲೂ ಅವನ್ನು ಮೇಲೆತ್ತುವ ಯತ್ನಗಳು ನಡೆದು ವಿಫಲವಾಗಿದ್ದುವು. ಕೊನೆಗೆ 1928ರಲ್ಲಿ ಪ್ರಾರಂಭಿಸಿ, ರೋಮನರೇ ಹಿಂದೆ ಕೊರೆದಿದ್ದ ಸುರಂಗದ ಮೂಲಕ ಯಂತ್ರಗಳಿಂದ ನೀರನ್ನು ಹೊರಗೆ ಹಾಯಿಸಿ, ಸರೋವರದ ಮಟ್ಟವನ್ನೇ ಇಳಿಸಲಾಯಿತು. 1932ರ ಹೊತ್ತಿಗೆ ಎರಡು ನೌಕೆಗಳೂ ದಡ ಸೇರಿದುವು. ಅವುಗಳಿಗಾಗಿಯೇ ದಡದಲ್ಲಿ ಕಟ್ಟಿಸಿದ ಸಂಗ್ರಹಾಲಯವು 1940ರಲ್ಲಿ ತೆರೆಯಿತು.

ಈ ನೌಕೆಗಳಿಂದ ವಿದ್ವಾಂಸರು ತಿಳಿದುಕೊಂಡುದು ಅಲ್ಪವಲ್ಲ. ಹಲಗೆಗಳು ಒಂದಕ್ಕೊಂದು ಕೀಲುಗಳಿಂದ ಬೆಸೆದಿದ್ದುವು. ಅವುಗಳ ಮೇಲೆ ರಾಳ ಹಚ್ಚಿದ ಉಣ್ಣೆಯ ಬಟ್ಟೆಯೂ ಅದರ ಮೇಲೆ ಸೀಸದ ತಗಡೂ ಹೊದಿಸಲ್ಪಟ್ಟಿದ್ದುವು. ಕಂಚಿನ ಗುಂಡುಗಳ ಮೇಲೆ ತಿರುಗುತ್ತಿದ್ದ ಒಂದು ಪೀಠದ ಭಾಗಗಳು ದೊರೆತುವು. ಅಡ್ಡಪಟ್ಟಿಯನ್ನು ಕಳಚಿ ಇಡಬಹುದಾದ ಕಬ್ಬಿಣದ ಲಂಗರು ಸಿಕ್ಕಿತು. ಅಂತಹ ಲಂಗರನ್ನು ಹತ್ತೊಂಬತ್ತನೆಯ ಶತಮಾನದ ಶೋಧವೆಂದು ಯುರೋಪಿನವರು ಅದುವರೆಗೆ ಭಾವಿಸಿದ್ದರು.

1944ನೆಯ ಇಸವಿ ಮೇ 31ನೆಯ ತಾರೀಖಿನ ರಾತ್ರಿ, ಯುದ್ಧವು ರೋಮಿನ ಬಾಗಿಲಿಗೆ ಬಂದಿದ್ದಾಗ, ಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಎರಡು ನೌಕೆಗಳೂ ಸುಟ್ಟುಹೋದುವು. ಹಿಂದೆಗೆಯುತ್ತಿದ್ದ ಜರ್ಮನ್ ಸೈನಿಕರೇ ಇಟ್ಟ ಬೆಂಕಿಯೆಂದು ಕೆಲವರೂ, ಅಮೆರಿಕದ ಫಿರಂಗಿಗಳಿಂದ ಹತ್ತಿದುದೆಂದು ಮತ್ತೆ ಕೆಲವರೂ ಹೇಳುವರು. ಈ ವಾದವು ಇನ್ನೂ ತೀರಿಲ್ಲ. ಹತ್ತೊಂಬತ್ತು ಶತಮಾನಗಳ ಕಾಲ ನೀರಿನಲ್ಲಿ ಕೊಳೆಯದೆ ಉಳಿದ ಮರವು, ರಕ್ಷಣೆಗೆಂದು ಕಟ್ಟಿದ ಮನೆಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ.

ಆದರೂ ನೇಮಿಯ ನೌಕೆಗಳು ಸಂಪೂರ್ಣವಾಗಿ ಅಳಿದುವೆಂದು ಹೇಳಲಾಗದು. ಮುಖ್ಯವಾದ ಕಂಚಿನ ವಸ್ತುಗಳು ಮೊದಲೇ ರೋಮಿಗೆ ಹೋಗಿದ್ದುವು. ಅದಕ್ಕಿಂತ ಮಿಗಿಲಾಗಿ, ಗುಯಿಡೋ ಉಚೆಲ್ಲಿ ಎಂಬ ಯಂತ್ರಶಿಲ್ಪಿಯೂ ಅವನ ಸಹಕಾರಿಗಳೂ ನೌಕೆಗಳನ್ನು ಅಳೆದು, ನಕ್ಷೆ ತೆಗೆದು, ಛಾಯಾಚಿತ್ರಗಳೊಡನೆ ಗ್ರಂಥರೂಪದಲ್ಲಿ ಪ್ರಕಟಿಸಿದ್ದರು. 1953ರಲ್ಲಿ ಸಂಗ್ರಹಾಲಯವು ಮತ್ತೆ ತೆರೆದಾಗ ಅಲ್ಲಿ ಐದರಲ್ಲೊಂದು ಪಾಲು ಅಳತೆಯ ಮಾದರಿಗಳನ್ನು ನಿಲ್ಲಿಸಲು ಸಾಧ್ಯವಾದುದು ಆ ನಕ್ಷೆಗಳ ಬಲದಿಂದ. ಮರವು ಹೋಯಿತು, ಅಳತೆಯು ಉಳಿಯಿತು.

3

ಎರಡನೆಯ ನಿದರ್ಶನವು ಜರ್ಮನಿಯ ನ್ಯೂರೆಂಬರ್ಗಿನದು. 2005ನೆಯ ಇಸವಿ ಅಕ್ಟೋಬರ್ 17ರಂದು ಅಲ್ಲಿಯ ರೈಲ್ವೆ ಸಂಗ್ರಹಾಲಯಕ್ಕೆ ಸೇರಿದ ಎಂಜಿನ್ ಮನೆಯು ಹೊತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಐತಿಹಾಸಿಕ ಎಂಜಿನ್ನುಗಳು ನಾಶವಾದುವು ಅಥವಾ ವಿರೂಪವಾದುವು. ಅವುಗಳಲ್ಲಿ ‘ಆಡ್ಲರ್’ ಎಂಬುದೊಂದು. 1835ರಲ್ಲಿ ನ್ಯೂರೆಂಬರ್ಗಿನಿಂದ ಫ್ಯೂರ್ತ್ ಪಟ್ಟಣಕ್ಕೆ ಓಡಿದ ಮೂಲ ಆಡ್ಲರ್ ಎಂಜಿನ್ನು ಹಿಂದೆಯೇ ಮಾರಾಟವಾಗಿ ಕಣ್ಮರೆಯಾಗಿತ್ತು. ಸುಟ್ಟದ್ದು ಶತಮಾನೋತ್ಸವಕ್ಕೆಂದು 1935ರಲ್ಲಿ ಮಾಡಿದ ಪ್ರತಿಕೃತಿ. ಸುಟ್ಟುಳಿದ ಭಾಗಗಳನ್ನು ಆಧರಿಸಿ 2007ರಲ್ಲಿ ಅದನ್ನು ಪುನಃ ಓಡುವಂತೆ ಮಾಡಲಾಯಿತು. ಪ್ರತಿಕೃತಿಯನ್ನು ಮತ್ತೆ ಮಾಡಬಹುದು, ಏಕೆಂದರೆ ಅದು ಹುಟ್ಟಿದುದೇ ಅಳತೆಯಿಂದ. ಮೂಲವಸ್ತುವಿಗೆ ಆ ಸೌಭಾಗ್ಯವಿಲ್ಲ.

ಬೆಂಕಿಯು ಯಾವುದನ್ನು ಮೊದಲು ತೆಗೆದುಕೊಳ್ಳುವುದೆಂಬುದೂ ವಿಚಾರಾರ್ಹ. ದಪ್ಪ ತೊಲೆಯ ಮೇಲ್ಮೈ ಇದ್ದಲಾದ ಬಳಿಕ ಆ ಇದ್ದಲ ಪದರವೇ ಒಳಗಿನ ತಿರುಳನ್ನು ಕೆಲವು ಕಾಲ ಕಾಯುತ್ತದೆ. ಉರಿಯು ಒಂದು ನಿಮಿಷಕ್ಕೆ ಮಿಲಿಮೀಟರಿಗಿಂತ ಕಡಿಮೆಯಾಗಿಯೇ ಒಳನುಗ್ಗುತ್ತದೆ. ಆದುದರಿಂದ ಅಚ್ಚು, ಅಡಿತೊಲೆಗಳು ಕೊಂಚ ತಡೆಯುತ್ತವೆ. ತೆಳುವಾದ ಹಲಗೆ, ಕೆತ್ತನೆಯ ಪಟ್ಟಿಕೆ, ಬಣ್ಣದ ಲೇಪ, ಬಟ್ಟೆ ಇವು ಕ್ಷಣಾರ್ಧದಲ್ಲಿ ಹೋಗುತ್ತವೆ. ಸೀಸವು 327 ಡಿಗ್ರಿಯಲ್ಲಿಯೇ ಕರಗುತ್ತದೆ. ಕಬ್ಬಿಣವು ಕರಗದಿದ್ದರೂ 600 ಡಿಗ್ರಿಯ ಸುಮಾರಿಗೆ ಅರ್ಧಕ್ಕಿಂತ ಹೆಚ್ಚು ಬಲವನ್ನು ಕಳೆದುಕೊಂಡು ಬಾಗುತ್ತದೆ. ಹೀಗಾಗಿ ಬೂದಿಯಲ್ಲಿ ದೊರೆಯುವುದು ಮೊಳೆಗಳು, ಪಟ್ಟಿಗಳು, ಗಾಲಿಯ ಕಬ್ಬಿಣದ ಹಳಿ. ಶಿಲ್ಪಿಯ ಕೈ ಎಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತೋ ಆ ಕೆತ್ತನೆಯೂ, ಅವನ ಬುದ್ಧಿ ಎಲ್ಲಿ ಅಡಗಿತ್ತೋ ಆ ಸಂಧಿಯೂ ಬೂದಿಯಲ್ಲಿ ದೊರೆಯವು.

4

ಕನ್ನಡ ನಾಡಿನಲ್ಲಿ ಪ್ರಾಚೀನ ವಾಹನವೆಂದರೆ ಮುಖ್ಯವಾಗಿ ತೇರು. ಅದು ಸಂಗ್ರಹಾಲಯದಲ್ಲಿಲ್ಲ, ವರ್ಷದ ಬಹುಭಾಗ ದೇವಾಲಯದ ಬಳಿ ನಿಂತಿದ್ದು ಒಂದು ದಿನ ಚಲಿಸುತ್ತದೆ. ಆದರೂ ಒಣಗಿದ ಮರ, ಎಣ್ಣೆ, ಬಣ್ಣಗಳ ಈ ರಾಶಿಗೆ ಬೆಂಕಿಯ ಭಯವು ಸಂಗ್ರಹಾಲಯದ ವಾಹನಕ್ಕಿರುವಷ್ಟೇ ಉಂಟು. ಚಾಮರಾಜನಗರದ ಚಾಮರಾಜೇಶ್ವರ ದೇವಾಲಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಸ್ಮರಣಾರ್ಥವಾಗಿ 1826ರಲ್ಲಿ ಕಟ್ಟಿಸಿದರು. ಅಲ್ಲಿಯ ರಥೋತ್ಸವವು ಆಷಾಢ ಮಾಸದಲ್ಲಿ ನಡೆಯುವುದರಿಂದ ನವದಂಪತಿಗಳ ಜಾತ್ರೆಯೆಂದು ಹೆಸರಾಗಿದೆ. 2017ರ ಫೆಬ್ರುವರಿಯಲ್ಲಿ ದುಷ್ಕರ್ಮಿಯು ಇಟ್ಟ ಬೆಂಕಿಯಿಂದ ಆ ತೇರು ಸುಟ್ಟು ನಿರುಪಯುಕ್ತವಾಯಿತು. ಹೊಸ ತೇರು ಸಿದ್ಧವಾಗಿ ಉತ್ಸವವು ಮತ್ತೆ ನಡೆದುದು 2022ರಲ್ಲಿ.

ಇಲ್ಲಿ ಸಂಗ್ರಹಾಲಯದ ದೃಷ್ಟಿಗೂ ದೇವಾಲಯದ ದೃಷ್ಟಿಗೂ ಇರುವ ಭೇದವನ್ನು ಗುರುತಿಸಬೇಕು. ದೇವಾಲಯಕ್ಕೆ ತೇರೆಂಬುದು ವಸ್ತುವಲ್ಲ, ಕ್ರಿಯೆ. ಪುರಿಯಲ್ಲಿ ಪ್ರತಿ ವರ್ಷವೂ ಹೊಸ ಮರದಿಂದ ಹೊಸ ರಥಗಳನ್ನು ಕಟ್ಟುವರು. ಆದರೂ ರಥವು ಹಳೆಯದೇ. ಜೀರ್ಣವಾದ ಗಾಲಿಯನ್ನು ತೆಗೆದು ಹೊಸದನ್ನು ಕೂಡಿಸಿದರೆ ಭಕ್ತನಿಗೆ ಯಾವ ನಷ್ಟವೂ ತೋರದು. ಚರಿತ್ರಕಾರನಿಗಾದರೋ ಆ ಹಳೆಯ ಗಾಲಿಯೇ ಶಾಸನ. ಉಳಿಯ ಗುರುತು, ಕೀಲಿನ ಕೋನ, ಸವೆತದ ಪಕ್ಕ ಇವೇ ಅದರ ಅಕ್ಷರಗಳು. ಹೊಸ ತೇರಿನಿಂದ ಉತ್ಸವದ ನಷ್ಟವು ತುಂಬುತ್ತದೆ. ಶಾಸನದ ನಷ್ಟವು ತುಂಬುವುದಿಲ್ಲ. ಇವೆರಡೂ ದೃಷ್ಟಿಗಳು ಪರಸ್ಪರ ವಿರುದ್ಧವಲ್ಲ. ಪೂರ್ವದ ಮಾದರಿಯಂತೆಯೇ ತೇರು ಕಟ್ಟಬೇಕೆಂಬ ಭಕ್ತನ ಬಯಕೆಯು ಈಡೇರಬೇಕಾದರೂ ಪೂರ್ವದ ಅಳತೆಯು ಎಲ್ಲಿಯಾದರೂ ಬರೆದಿರಬೇಕಷ್ಟೆ.

5

ಚಿತ್ರಣದಿಂದ ಆಗುವ ಉಪಕಾರಕ್ಕೆ ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವೇ ಸಾಕ್ಷಿ. ಹದಿನಾರನೆಯ ಶತಮಾನದ ಈ ಗರುಡಮಂಟಪವು ಮರದ ತೇರಿನ ಗಾಲಿ, ಅಚ್ಚು, ಪೀಠಗಳ ರೂಪವನ್ನು ಶಿಲೆಯಲ್ಲಿ ಕಾದಿರಿಸಿದೆ. ಅದರ ಮೇಲೆ ಇಟ್ಟಿಗೆಯ ಶಿಖರವೊಂದು ಇದ್ದಿತು, ಈಗ ಅದಿಲ್ಲ. ಆದರೂ ಅದು ಹೇಗಿದ್ದಿತೆಂದು ಬಲ್ಲೆವು, ಏಕೆಂದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ತೆಗೆದ ಛಾಯಾಚಿತ್ರದಲ್ಲಿ ಶಿಖರವು ಉಳಿದಿದೆ.

ಸಾಹಿತ್ಯದ ಅಧ್ಯಾಪಕರಿಗೂ ಈ ವಿಷಯವು ಹೊರಗಿನದಲ್ಲ. ಕರ್ಣನ ರಥದ ಗಾಲಿಯು ನೆಲದಲ್ಲಿ ಹೂತ ಪ್ರಸಂಗವು ಪಂಪನಲ್ಲಿಯೂ ಕುಮಾರವ್ಯಾಸನಲ್ಲಿಯೂ ಬರುತ್ತದೆ. ಗಾಲಿಯೊಂದು ಹೂತಾಗ ಅಚ್ಚು ಓರೆಯಾಗಿ, ನೊಗದ ಮೇಲೆ ಭಾರವು ತಿರುಚಿ ಬಿದ್ದು, ಕುದುರೆಗಳು ಎಳೆದಷ್ಟೂ ಗಾಲಿಯು ಕಚ್ಚಿಕೊಳ್ಳುವುದನ್ನು ಬಂಡಿಯ ಪರಿಚಯವಿದ್ದ ಓದುಗನು ಹೇಳದೆಯೇ ಅರಿಯುತ್ತಿದ್ದನು. ಬಿಲ್ಲನ್ನು ಬಿಟ್ಟು ಕರ್ಣನು ಕೆಳಗಿಳಿದುದೇಕೆಂಬುದು ಅವನಿಗೆ ಒಗಟಾಗಿರಲಿಲ್ಲ. ನೊಗ, ಮೂಕಿ, ಅರ, ಅಚ್ಚು, ಕಡಾಣಿ ಎಂಬ ಮಾತುಗಳಿಗೆ ನಿಘಂಟು ಅರ್ಥವನ್ನು ಕೊಡಬಲ್ಲುದು. ಒಂದು ಇನ್ನೊಂದರೊಳಗೆ ಹೇಗೆ ಕೂಡುವುದೆಂಬುದನ್ನು ವಸ್ತುವೇ ಹೇಳಬೇಕು. ವಸ್ತುವು ಸುಟ್ಟ ಮೇಲೆ ಪದವು ಉಳಿದರೂ ಕುರುಡಾಗುತ್ತದೆ.

1897ರ ಫೆಬ್ರುವರಿಯಲ್ಲಿ, ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ, ಮೈಸೂರಿನ ಹಳೆಯ ಮರದ ಅರಮನೆಯು ಸುಟ್ಟುಹೋಯಿತು. 1912ರಲ್ಲಿ ಮುಗಿದ ಹೊಸ ಅರಮನೆಗೆ ಕಲ್ಲನ್ನೂ ಕಬ್ಬಿಣವನ್ನೂ ಧಾರಾಳವಾಗಿ ಬಳಸಿದರು. ಕಟ್ಟಡಕ್ಕೆ ಈ ಉಪಾಯವು ಸಾಧ್ಯ. ಹಳೆಯ ವಾಹನದ ಮರವನ್ನು ಕಲ್ಲಾಗಿ ಮಾಡಲು ಬಾರದು. 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ಸಂಗ್ರಹಾಲಯದಲ್ಲಿರುವ 1899ರ ಮಹಾರಾಣಿಯವರ ಸಲೂನ್ ಗಾಡಿಗೂ, ಊರೂರಿನ ತೇರಿಗೂ ಎರಡೇ ಬಗೆಯ ರಕ್ಷೆಯುಂಟು: ಬೆಂಕಿಯನ್ನು ದೂರವಿಡುವುದು ಒಂದು, ಅದು ಬಂದರೂ ಸುಡಲಾರದ ಅಳತೆಯನ್ನು ಬೇರೊಂದು ಸ್ಥಳದಲ್ಲಿ ಇಡುವುದು ಇನ್ನೊಂದು.

ಈ ಎರಡನೆಯದಕ್ಕೆ ಹೆಚ್ಚಿನ ದ್ರವ್ಯವು ಬೇಕಾಗಿಲ್ಲ. ಗಾಲಿಯ ವ್ಯಾಸ, ಅಚ್ಚಿನ ಉದ್ದ ದಪ್ಪಗಳು, ಮರದ ಜಾತಿ, ಪ್ರತಿಯೊಂದು ಸಂಧಿಯ ನಕ್ಷೆ, ಕೆತ್ತನೆಯ ಛಾಯಾಚಿತ್ರ, ಮತ್ತು ಆ ಊರಿನ ಬಡಗಿಗಳು ಪ್ರತಿ ಅಂಗಕ್ಕೂ ಹೇಳುವ ಹೆಸರು, ಇಷ್ಟನ್ನು ಬರೆದಿಟ್ಟರೆ ಸಾಕು. ಬರೆದ ಪ್ರತಿಯು ತೇರಿನ ಮನೆಯಲ್ಲಿಯೇ ಇರಬಾರದೆಂಬುದೊಂದೇ ನಿಯಮ. ತೇರು ನಿಂತಿರುವಾಗ ಈ ಕೆಲಸವು ಕೆಲವೇ ದಿನಗಳದು. ಅದು ಸುಟ್ಟ ಮೇಲೆ ಯಾವ ವಿದ್ವತ್ತಿಗೂ ಸಾಧ್ಯವಲ್ಲದ್ದು.