ವೃದ್ಧಾಪ್ಯದಲ್ಲಿ ಆಯ ತಪ್ಪುವಿಕೆ

ಕನ್ನಡ ನಾಡನ್ನು ಹಾದು ತೆಲುಗು ನಾಡನ್ನು ಹೊಗುವ ಕೃಷ್ಣಾನದಿಯು ವಿಜಯವಾಡದಲ್ಲಿ ಇಂದ್ರಕೀಲಾದ್ರಿಯ ಬುಡವನ್ನು ಸೋಂಕಿ ಹರಿಯುತ್ತದೆ. ೧೯೫೭ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿನ ಆಸುಪಾಸಿನಲ್ಲಿ ದುರ್ಗಾಘಾಟ್, ಪದ್ಮಾವತಿಘಾಟ್, ಕೃಷ್ಣವೇಣಿಘಾಟ್ ಮೊದಲಾದ ಸ್ನಾನಘಟ್ಟಗಳಿವೆ. ಬೃಹಸ್ಪತಿಯು ಕನ್ಯಾರಾಶಿಗೆ ಬಂದಾಗ ಇಲ್ಲಿ ೧೨ ದಿನಗಳ ಪುಷ್ಕರವು ನಡೆಯುತ್ತದೆ; ಹಿಂದಿನದು ೨೦೧೬ರ ಆಗಸ್ಟಿನಲ್ಲಿ ನಡೆಯಿತು, ಮುಂದಿನದು ೨೦೨೮ರಲ್ಲಿ ಬರಲಿದೆ. ಸ್ನಾನಕ್ಕೆ ಬರುವವರಲ್ಲಿ ವಯೋವೃದ್ಧರು ಬಹುಮಂದಿ. ಅಂಥವರೊಬ್ಬರು ನೀರಿಗೆ ಇಳಿಯುವುದನ್ನು ಗಮನಿಸಬೇಕು. ನೀರಿನೊಳಗಿನ ಮೆಟ್ಟಿಲು ಇದ್ದುದಕ್ಕಿಂತ ಮೇಲಿರುವಂತೆ ಕಣ್ಣಿಗೆ ತೋರುವುದರಿಂದ ಕಾಲು ನೆಲವನ್ನು ನಿರೀಕ್ಷಿಸಿದೆಡೆಯಲ್ಲಿ ಕಾಣದೆ ತಡವರಿಸುತ್ತದೆ. ಪಾಚಿಯ ಮೇಲೆ ಅಂಗಾಲು ಸ್ಥಿರವಾಗಿ ನೆಲೆಗೊಳ್ಳುವುದಿಲ್ಲ. ಬಳಿಕ ಅವರು ಕಣ್ಣು ಮುಚ್ಚಿ ಮುಳುಗುತ್ತಾರೆ. ಏಳುವಾಗ ಒಂದು ಕ್ಷಣ ತೂರಾಡುತ್ತಾರೆ. ಆ ಒಂದು ಕ್ಷಣದಲ್ಲಿ ಶರೀರವು ಯಾವುದರ ಆಧಾರದಿಂದ ನಿಂತಿದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ನಿಲ್ಲುವುದೆಂದರೆ ಅಲುಗಾಡದೆ ಇರುವುದಲ್ಲ. ಎಂಥ ಗಟ್ಟಿಮುಟ್ಟಾದವನೂ ನಿಂತಲ್ಲಿಯೇ ಸೂಕ್ಷ್ಮವಾಗಿ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತಾನೆ. ಆ ತೂಗಾಟವನ್ನು ಅರಿತು ತಿದ್ದುತ್ತಿರುವುದಕ್ಕೇ ಆಯವೆಂದು ಹೆಸರು. ಅದನ್ನು ಮೆದುಳಿಗೆ ತಿಳಿಸುವ ಸಾಕ್ಷಿಗಳು ಮೂರು: ಕಣ್ಣು, ಒಳಗಿವಿಯ ಅರ್ಧಚಂದ್ರಾಕಾರದ ನಾಳಗಳೂ ಅವುಗಳ ಬುಡದ ಚೀಲಗಳೂ, ಅಂಗಾಲಿನ ಚರ್ಮ ಮತ್ತು ಕಾಲಿನ ಕೀಲುಗಳ ಸ್ಪರ್ಶಜ್ಞಾನ. ಇದು ಮೂವರ ಹೆಸರಿನ ಜಂಟಿ ಖಾತೆಯಂತೆ. ಯೌವನದಲ್ಲಿ ಯಾರಾದರೂ ಇಬ್ಬರ ಸಹಿ ಇದ್ದರೆ ವ್ಯವಹಾರವು ಸಾಗುತ್ತದೆ. ಮೂರನೆಯವರ ಗೈರುಹಾಜರಿಯು ಖಾತೆದಾರನಿಗೆ ತಿಳಿಯುವುದೂ ಇಲ್ಲ. ಕಷ್ಟವಿರುವುದು ಇಲ್ಲಿಯೇ. ಒಂದು ಇಂದ್ರಿಯವು ಕುಂದಿದ್ದು ವರ್ಷಗಟ್ಟಲೆ ಗುಪ್ತವಾಗಿದ್ದು, ಇನ್ನೊಂದಕ್ಕೆ ತಡೆಯುಂಟಾದ ದಿನ ಒಮ್ಮೆಗೇ ಬಯಲಾಗುತ್ತದೆ.

ಬರ್ಲಿನ್ನಿನ ವೈದ್ಯ ರೋಂಬರ್ಗನು ೧೮೪೦ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ವರ್ಣಿಸಿದನು. ಕಾಲಿನ ಸಂವೇದನೆ ನಷ್ಟವಾದ ರೋಗಿಯು ಕಣ್ಣು ತೆರೆದಿರುವಷ್ಟು ಹೊತ್ತು ನಿಲ್ಲಬಲ್ಲ; ಮುಚ್ಚಿದೊಡನೆ ಓಲಾಡುತ್ತಾನೆ. ಮುಖ ತೊಳೆಯಲು ಬಾಗಿ ಕಣ್ಣು ಮುಚ್ಚಿದಾಗ ಇಂಥವರು ಮುಗ್ಗರಿಸುವುದೂ ವೈದ್ಯರಿಗೆ ಪರಿಚಿತವಾದ ಲಕ್ಷಣ. ನಮ್ಮ ಮನೆಗಳ ಬಚ್ಚಲಲ್ಲಿ ಈ ಪರೀಕ್ಷೆಯು ಪ್ರತಿದಿನವೂ ವೈದ್ಯರಿಲ್ಲದೆಯೇ ನಡೆಯುತ್ತದೆ. ಸೋಪಿನ ನೊರೆಗೆ ಕಣ್ಣು ಮುಚ್ಚಿರುತ್ತದೆ, ಕಾಲ ಕೆಳಗೆ ಜಾರುವ ಕಲ್ಲಿರುತ್ತದೆ, ಚೊಂಬು ಹಿಡಿದ ಕೈಗೆ ಗೋಡೆಯ ಆಸರೆಯಿರುವುದಿಲ್ಲ.

ವಯಸ್ಸು ಏರಿದಂತೆ ಮೂರು ಸಾಕ್ಷಿಗಳೂ ಮಸುಕಾಗುತ್ತವೆ, ಆದರೆ ಒಂದೇ ಬಗೆಯಲ್ಲಿ ಅಲ್ಲ. ಅಂಗಾಲಿನಲ್ಲಿ ಮೊದಲು ಕುಂದುವುದು ಕಂಪನದ ಅರಿವು. ಸೆಕೆಂಡಿಗೆ ೧೨೮ ಬಾರಿ ಕಂಪಿಸುವ ಶ್ರುತಿಕವೆಯನ್ನು ಕಾಲ್ಬೆರಳಿಗೆ ತಾಗಿಸಿ ವೈದ್ಯರು ಇದನ್ನು ಪರೀಕ್ಷಿಸುತ್ತಾರೆ. ಸಕ್ಕರೆ ಕಾಯಿಲೆಯೂ ಬಿ೧೨ ಜೀವಸತ್ತ್ವದ ಕೊರತೆಯೂ ಈ ನಷ್ಟವನ್ನು ತ್ವರೆಗೊಳಿಸುತ್ತವೆ. ಕಣ್ಣಿನಲ್ಲಿ ಪೊರೆ ಬೆಳೆಯುವುದಷ್ಟೇ ಅಲ್ಲ, ಬೂದುಬಣ್ಣದ ಮೆಟ್ಟಿಲಿನ ಅಂಚನ್ನು ಅದರ ಕೆಳಗಿನ ಬೂದುಬಣ್ಣದ ಮೆಟ್ಟಿಲಿನಿಂದ ಬೇರ್ಪಡಿಸಿ ಕಾಣುವ ಶಕ್ತಿಯೇ ತಗ್ಗುತ್ತದೆ. ಓದುವುದಕ್ಕೂ ದೂರಕ್ಕೂ ಒಂದೇ ಗಾಜಿನಲ್ಲಿ ಏರ್ಪಾಡಿರುವ ಕನ್ನಡಕವು ಇಳಿಯುವಾಗ ಅಪಾಯಕಾರಿ. ಓದುವ ಭಾಗದ ಮೂಲಕ ನೋಡಿದ ಮೆಟ್ಟಿಲು ಕಲಸಿದಂತೆ ಕಾಣುತ್ತದೆ. ಒಳಗಿವಿಯ ಚೀಲಗಳಲ್ಲಿರುವ ಸುಣ್ಣದ ಅತಿಸೂಕ್ಷ್ಮ ಹರಳುಗಳು ಸ್ಥಳ ತಪ್ಪಿ ನಾಳದೊಳಗೆ ಬಿದ್ದರೆ, ಹಾಸಿಗೆಯಲ್ಲಿ ಮಗ್ಗುಲಾದೊಡನೆ ಕೋಣೆಯೇ ಗಿರ್ರನೆ ತಿರುಗುತ್ತದೆ. ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಮರಳಿ ಸ್ವಸ್ಥಾನಕ್ಕೆ ಸೇರಿಸುವ ವಿಧಾನವನ್ನು ಎಪ್ಲೆ ಎಂಬ ಅಮೆರಿಕದ ವೈದ್ಯನು ೧೯೯೨ರಲ್ಲಿ ಪ್ರಕಟಿಸಿದನು. ಅದಕ್ಕೆ ಬೇಕಾದುದು ಕೆಲವೇ ನಿಮಿಷಗಳು. ಹೀಗಿದ್ದರೂ ಪಿತ್ತವೆಂದು ಬಗೆದು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ.

ಕನ್ನಡವು ಈ ವಿಷಯದಲ್ಲಿ ಬಡಭಾಷೆಯಲ್ಲ. ತಲೆಸುತ್ತು ಬೇರೆ, ಎದ್ದು ನಿಂತೊಡನೆ ರಕ್ತದ ಒತ್ತಡ ಇಳಿದು ಕಣ್ಣಿಗೆ ಕತ್ತಲೆ ಕಟ್ಟುವುದು ಬೇರೆ, ಕಾಲು ಜೋಮು ಹಿಡಿಯುವುದು ಬೇರೆ, ಎಡವುವುದು, ಜಾರುವುದು, ಜೋಲಿ ಹೊಡೆಯುವುದು ಬೇರೆ ಬೇರೆ. ಇವುಗಳಲ್ಲಿ ಒಂದೊಂದೂ ಒಂದೊಂದು ಕಾರಣವನ್ನು ಬೆರಳಿಟ್ಟು ತೋರಿಸುತ್ತದೆ. ಆದರೆ ಆಸ್ಪತ್ರೆಯಲ್ಲಿ ಮನೆಯವರು ಹೇಳುವುದು “ವಯಸ್ಸಾಯಿತು, ಬಿದ್ದರು” ಎಂಬ ಎರಡೇ ಮಾತು. ಬಿದ್ದವರೂ ಮಕ್ಕಳಿಗೆ ಹೊರೆಯಾದೇವೆಂಬ ಸಂಕೋಚದಿಂದ ಮೊದಲನೆಯ ಬೀಳುವಿಕೆಯನ್ನು ಮುಚ್ಚಿಡುವುದುಂಟು. ೬೫ ದಾಟಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವವು ಅಧಿಕ.

ನದೀತೀರದಲ್ಲಿ ಮುಚ್ಚಿದ ಕಣ್ಣು ಕಾರಣವಾದರೆ, ಸಮುದ್ರತೀರದ ವಿಶಾಖಪಟ್ಟಣದಲ್ಲಿ ಮೋಸಹೋಗುವುದು ಕಾಲು. ಅಲ್ಲಿನ ರಾಮಕೃಷ್ಣ ಬೀಚಿನ ಸಡಿಲ ಮರಳು ಅಂಗಾಲಿಗೆ ನಿಶ್ಚಿತವಾದ ಯಾವ ಸುದ್ದಿಯನ್ನೂ ಕೊಡುವುದಿಲ್ಲ. ಪ್ರಯೋಗಶಾಲೆಗಳಲ್ಲಿ ಮೆತ್ತನೆಯ ದಿಂಡಿನ ಮೇಲೆ ನಿಲ್ಲಿಸಿ ಪರೀಕ್ಷಿಸುವುದೂ ಇದೇ ತತ್ತ್ವದಿಂದ. ಪೂರ್ವತೀರವಾದ ಕಾರಣ ಸೂರ್ಯನು ಮುಳುಗುವುದು ಬೆಟ್ಟಗಳ ಕಡೆಗೆ. ವಾಯುವಿಹಾರಕ್ಕೆ ಬಂದ ಮುದುಕರು ಹೊರಡುವ ವೇಳೆಗೆ ಬೆಳಕೂ ಕೈಕೊಟ್ಟಿರುತ್ತದೆ. ಆಗ ಉಳಿಯುವ ಸಾಕ್ಷಿ ಒಳಗಿವಿಯೊಂದೇ. ಸಮೀಪದ ಸಿಂಹಾಚಲದಲ್ಲಿ ಸುಮಾರು ಸಾವಿರ ಮೆಟ್ಟಿಲುಗಳಿವೆ. ಏರುವವರಿಗೆ ಉಸಿರಿನ ಚಿಂತೆ, ಬೀಳುವ ಭಯವಿರುವುದು ಇಳಿಯುವವರಿಗೆ.

ಬಿದ್ದಾಗ ಮುರಿಯುವ ಎಲುಬೂ ವಯಸ್ಸನ್ನು ಹೇಳುತ್ತದೆ. ಐವತ್ತು, ಅರವತ್ತರವರು ಬೀಳುವಾಗ ಕೈಯನ್ನು ಮುಂದೆ ಚಾಚುವರು. ಆಗ ಮುರಿಯುವುದು ಮಣಿಕಟ್ಟು. ಡಬ್ಲಿನ್ನಿನ ಕಾಲಿಸ್ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ವಿವರಿಸಿದ ಮುರಿತವಿದು. ಎಪ್ಪತ್ತೈದು ದಾಟಿದ ಮೇಲೆ ಕೈ ಚಾಚುವಷ್ಟು ಚುರುಕು ಉಳಿಯದೆ, ಶರೀರವು ಪಕ್ಕಕ್ಕೆ ಉರುಳಿ, ತೊಡೆಯೆಲುಬಿನ ಕತ್ತು ಮುರಿಯುತ್ತದೆ. ಆ ಎಲುಬಿನ ತಲೆಗೆ ಬೇಕಾದ ರಕ್ತದ ಬಹುಭಾಗವು ಕತ್ತಿನ ಮೂಲಕವೇ ಏರಬೇಕಾದುದರಿಂದ, ಕತ್ತು ಮುರಿದರೆ ತಲೆಯೇ ನಿರ್ಜೀವವಾಗಬಹುದು. ಆಂಧ್ರದಲ್ಲಿ ತಿರುಪತಿ ಸಮೀಪದ ಪುತ್ತೂರು ಕಟ್ಟು ಬಹು ಪ್ರಸಿದ್ಧ. ಮೊಟ್ಟೆ, ಪತ್ರೆಯ ಲೇಪ, ಬಿದಿರಿನ ದಬ್ಬೆ, ಬಟ್ಟೆಗಳಿಂದ ಕಟ್ಟುವ ಆ ವಿದ್ಯೆಯನ್ನು ಹಳಿಯುವುದು ಉಚಿತವಲ್ಲ. ಆದರೆ ದಬ್ಬೆಯು ಹೊರಗಿನಿಂದ ಹಿಡಿದಿಡಲಾರದ ಸ್ಥಳವೊಂದಿದ್ದರೆ ಅದು ಸೊಂಟದ ಈ ಕೀಲು. ಶಸ್ತ್ರಚಿಕಿತ್ಸೆಯು ೩೬ರಿಂದ ೪೮ ಗಂಟೆಗಳೊಳಗೆ ಆಗಬೇಕೆಂಬುದು ಇಂದಿನ ವೈದ್ಯರ ಮತ. ಹಾಸಿಗೆ ಹಿಡಿದ ಒಂದೊಂದು ವಾರವೂ ಶ್ವಾಸಕೋಶದ ಸೋಂಕನ್ನೂ ಬೆನ್ನಿನ ಹುಣ್ಣನ್ನೂ ಆಹ್ವಾನಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿಯೂ ಈ ಮುರಿತವಾದ ಐವರಲ್ಲಿ ಸುಮಾರು ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ.

ಸಾಕ್ಷಿಗಳನ್ನು ಭಾಗಶಃ ಮರಳಿ ಪಡೆಯಬಹುದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ ೨೦೦೫ರಲ್ಲಿ ಪ್ರಕಟವಾದ ಒಂದು ಪರೀಕ್ಷಣದಲ್ಲಿ, ೭೦ ದಾಟಿದ ಸ್ತ್ರೀಯರ ಒಂದು ಕಣ್ಣಿನ ಪೊರೆಯನ್ನು ಬೇಗನೆ ತೆಗೆದುದರಿಂದಲೇ ಬೀಳುವಿಕೆಯು ಮೂರನೆಯ ಒಂದು ಭಾಗದಷ್ಟು ಇಳಿಯಿತು. ಎಲ್. ವಿ. ಪ್ರಸಾದ್ ನೇತ್ರಸಂಸ್ಥೆಯು ವಿಶಾಖಪಟ್ಟಣ, ವಿಜಯವಾಡಗಳೆರಡರಲ್ಲೂ ಇರುವುದನ್ನು ಈ ದೃಷ್ಟಿಯಿಂದಲೂ ಎಣಿಸಬೇಕು. ಆಯದ ವ್ಯಾಯಾಮಗಳು ಬೀಳುವಿಕೆಯನ್ನು ಕಾಲು ಭಾಗದಷ್ಟು ತಗ್ಗಿಸುತ್ತವೆ. ಕೈಯೂರದೆ ಕುರ್ಚಿಯಿಂದ ಏಳುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವುದು ಇತ್ಯಾದಿ. ನಿದ್ರೆಯ ಮಾತ್ರೆ, ಒತ್ತಡದ ಮಾತ್ರೆಗಳನ್ನು ವೈದ್ಯರು ಮರುಪರಿಶೀಲಿಸುವುದು ವಿಜಯವಾಡದ ಬೇಸಗೆಯಲ್ಲಿ ಇನ್ನೂ ಅವಶ್ಯ. ೪೫ ಡಿಗ್ರಿ ಬಿಸಿಲಿನಲ್ಲಿ ಬೆವರಿ ನೀರು ಕಳೆದುಕೊಂಡ ಶರೀರಕ್ಕೆ ಅದೇ ಮಾತ್ರೆಯು ಅತಿಯಾಗುತ್ತದೆ.

ಮತ್ತೊಂದು ಸಂಗತಿಯುಂಟು. ಜೆಕಾ ಮತ್ತು ಲ್ಯಾಕ್ನರ್ ಎಂಬ ಸಂಶೋಧಕರು ೧೯೯೪ರಲ್ಲಿ ತೋರಿಸಿದಂತೆ, ನಿಂತವನು ಸ್ಥಿರವಾದ ವಸ್ತುವೊಂದಕ್ಕೆ ಬೆರಳ ತುದಿಯನ್ನು ಸುಮ್ಮನೆ ತಾಗಿಸಿದರೂ, ಆ ಸ್ಪರ್ಶವು ಮೈಭಾರವನ್ನು ಹೊರಲಾರದಷ್ಟು ಹಗುರವಾಗಿದ್ದರೂ, ತೂಗಾಟವು ಗಮನಾರ್ಹವಾಗಿ ಕಡಮೆಯಾಗುತ್ತದೆ. ಬೆರಳು ಇಲ್ಲಿ ಊರುಗೋಲಲ್ಲ, ನಾಲ್ಕನೆಯ ಸಾಕ್ಷಿ. ಬಚ್ಚಲಿನ ಗೋಡೆಗೆ ಹಾಕಿಸಿದ ಹಿಡಿಗಂಬಿಯು, ಬಿಗಿಯಾಗಿ ಹಿಡಿಯದೆ ಬರಿದೆ ಮುಟ್ಟಿದರೂ, ಉಪಕರಿಸುವುದು ಇದರಿಂದಲೇ. ತೀರ್ಥಗಳಲ್ಲಿ ದಂಪತಿಗಳು ಕೈ ಕೈ ಹಿಡಿದು ಒಟ್ಟಿಗೆ ಮುಳುಗುವುದಕ್ಕೆ ತೆಲುಗಿನಲ್ಲಿ ಸರಿಗಂಗ ಸ್ನಾನವೆಂದು ಹೆಸರು. ಇಬ್ಬರ ಕಣ್ಣುಗಳೂ ಮುಚ್ಚಿರುತ್ತವೆ, ಇಬ್ಬರ ಕಾಲ ಕೆಳಗೂ ಪಾಚಿಯಿರುತ್ತದೆ. ಒಬ್ಬರು ಓಲಿದ್ದು ಇನ್ನೊಬ್ಬರ ಅಂಗೈಗೆ ಒಡನೆಯೇ ತಿಳಿಯುತ್ತದೆ.