ಮೋಟಾರ್ ಗ್ಲೈಡರ್: ಖರೀದಿ ಮತ್ತು ಪಾಲನೆ

ಮೋಟಾರ್ ಗ್ಲೈಡರ್ ಎಂಬುದು ಉದ್ದವೂ ಕಿರಿದೂ ಆದ ರೆಕ್ಕೆಗಳನ್ನು ಮತ್ತು ಒಂದು ಚಿಕ್ಕ ಎಂಜಿನ್ನನ್ನು ಹೊಂದಿರುವ ಹಗುರ ವಿಮಾನ. ಸಾಮಾನ್ಯ ಗ್ಲೈಡರನ್ನು ಮೇಲೇರಿಸಲು ಎಳೆಯುವ ವಿಮಾನವಾಗಲಿ ನೆಲದ ಮೇಲಿನ ವಿಂಚ್ ಯಂತ್ರವಾಗಲಿ ಬೇಕು. ಮೋಟಾರ್ ಗ್ಲೈಡರ್ ತನ್ನ ಎಂಜಿನ್ನಿನ ಬಲದಿಂದಲೇ ನೆಲ ಬಿಟ್ಟೇಳುತ್ತದೆ. ಸಾಕಷ್ಟು ಎತ್ತರ ತಲುಪಿದ ಮೇಲೆ ಎಂಜಿನ್ ನಿಲ್ಲಿಸಿ, ಹದ್ದಿನಂತೆ ಬಿಸಿಗಾಳಿಯ ಏರುಪ್ರವಾಹವನ್ನು ಆಶ್ರಯಿಸಿ ತೇಲುತ್ತದೆ. ಮೊದಲ ಬಾರಿಗೆ ಇಂತಹ ವಿಮಾನವನ್ನು ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳನ್ನು ಈ ಲೇಖನವು ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಪರಿಸರದ ಮಣ್ಣು, ಹವೆ, ಬೆಳೆಗಳನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುತ್ತದೆ.

ವಿಧಗಳು ಮತ್ತು ಸಾಮರ್ಥ್ಯ

ಕೆಲವು ಮೋಟಾರ್ ಗ್ಲೈಡರ್‌ಗಳಲ್ಲಿ ಎಂಜಿನ್ ಅಥವಾ ಪ್ರೊಪೆಲ್ಲರ್ ಹಾರಾಟದ ನಡುವೆ ಒಡಲೊಳಗೆ ಮಡಚಿಕೊಳ್ಳುತ್ತದೆ. ಪ್ರವಾಸಿ ಮಾದರಿಗಳಲ್ಲಿ ಎಂಜಿನ್ ಮೂಗಿನಲ್ಲೇ ಸ್ಥಿರವಾಗಿರುತ್ತದೆ. ಜರ್ಮನಿಯ ಶೈಬೆ ಫಾಲ್ಕೆ ಮತ್ತು ಗ್ರೋಬ್ 109, ಆಸ್ಟ್ರಿಯದ ಸೂಪರ್ ಡಿಮೋನಾ, ಸ್ಲೊವೇನಿಯದ ಪಿಪಿಸ್ಟ್ರೆಲ್ ಸೈನಸ್ ಈ ಎರಡನೆಯ ಗುಂಪಿನವು. ರಚನೆ ಸರಳವಾಗಿರುವುದರಿಂದ ಮೊದಲ ಖರೀದಿಗೆ ಇವೇ ಸೂಕ್ತ.

ಗ್ಲೈಡರಿನ ಯೋಗ್ಯತೆಯನ್ನು ಅಳೆಯುವುದು ಜಾರು ಅನುಪಾತದಿಂದ. ಸೂಪರ್ ಡಿಮೋನಾದಂತಹ ವಿಮಾನದಲ್ಲಿ ಇದು ಸುಮಾರು 27:1. ಅಂದರೆ ನಿಶ್ಚಲ ಗಾಳಿಯಲ್ಲಿ 1 ಕಿ.ಮೀ. ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಅದು 27 ಕಿ.ಮೀ. ದೂರ ಸಾಗಬಲ್ಲದು. ಬ್ಯಾಡಗಿಯ ಮೇಲೆ 1,000 ಮೀಟರ್ ಎತ್ತರದಲ್ಲಿ ಎಂಜಿನ್ ನಿಂತರೆ, ನೇರ ದೂರದಲ್ಲಿ ಹಾವೇರಿಯೂ ರಾಣೆಬೆನ್ನೂರೂ ಅದರ ಅಳವಿನಲ್ಲಿರುತ್ತವೆ. ಅದೇ ಎತ್ತರದಲ್ಲಿ ರಾಣೆಬೆನ್ನೂರಿನಿಂದ ಹೊರಟರೆ ಹಾವೇರಿ ಕೈಗೆಟುಕುವುದಿಲ್ಲ. ಎದುರುಗಾಳಿಯಿದ್ದರಂತೂ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ.

ಭಾರತದಲ್ಲಿ

ಕಳೆದ ಶತಮಾನದ ಮಧ್ಯಭಾಗದಿಂದ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರವು ಅಶ್ವಿನಿ, ಭರಣಿ, ರೋಹಿಣಿ ಮುಂತಾದ ಎಂಜಿನ್‌ರಹಿತ ಗ್ಲೈಡರ್‌ಗಳನ್ನು ವಿನ್ಯಾಸಗೊಳಿಸಿತು, ಆರ್ದ್ರಾ ಅನಂತರದ್ದು. ನಮ್ಮ ರೈತರು ಮಳೆಯನ್ನು ಎಣಿಸುವ ನಕ್ಷತ್ರಗಳ ಹೆಸರುಗಳೇ ಇವಕ್ಕೂ ಬಂದಿರುವುದು ಸೊಗಸಾದ ಸಂಗತಿ. ಪುಣೆಯ ಹಡಪಸರದಲ್ಲಿರುವ ಗ್ಲೈಡಿಂಗ್ ಕೇಂದ್ರವು ಈ ವಿದ್ಯೆಯ ಹಳೆಯ ನೆಲೆ. 2015ರಲ್ಲಿ ರಕ್ಷಣಾ ಸಚಿವಾಲಯವು ವಾಯುಪಡೆ, ನೌಕಾಪಡೆ ಮತ್ತು ಎನ್.ಸಿ.ಸಿ.ಗಾಗಿ ಪಿಪಿಸ್ಟ್ರೆಲ್ ಕಂಪನಿಯ 194 ವೈರಸ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ವೈರಸ್ ಎಂಬುದು ಸೈನಸ್ ಮೋಟಾರ್ ಗ್ಲೈಡರಿನ ಗಿಡ್ಡ ರೆಕ್ಕೆಯ ಸೋದರ ಮಾದರಿ. ಆದ್ದರಿಂದ ಹಾರಾಟದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳಿಗೆ ಎನ್.ಸಿ.ಸಿ.ಯ ವಾಯುದಳವು ಒಳ್ಳೆಯ ಪ್ರವೇಶದ್ವಾರ.

ಖರೀದಿಗೆ ಮುನ್ನ

ಕೊಳ್ಳುವವರು ಸಾಮಾನ್ಯವಾಗಿ ಮೊದಲು ಬೆಲೆ ವಿಚಾರಿಸುತ್ತಾರೆ. ಆದರೆ ಮೊದಲು ಬಗೆಹರಿಯಬೇಕಾದದ್ದು, ವಿಮಾನವನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ. ಹಾವೇರಿ ಜಿಲ್ಲೆಯವರಿಗೆ ಹತ್ತಿರದ ವಿಮಾನ ನಿಲ್ದಾಣ ಹುಬ್ಬಳ್ಳಿಯದು. ಲಘು ವಿಮಾನಗಳ ನೆಲೆಯಾದ ಜಕ್ಕೂರು ಬೆಂಗಳೂರಿನಲ್ಲಿದೆ. ರೆಕ್ಕೆಗಳ ತುದಿಯಿಂದ ತುದಿಗೆ 15ರಿಂದ 18 ಮೀಟರ್ ಅಗಲವಿರುವ ವಿಮಾನಕ್ಕೆ ಸಾಮಾನ್ಯ ಹ್ಯಾಂಗರಿನಲ್ಲಿ ಎರಡು ವಿಮಾನಗಳ ಜಾಗ ಬೇಕಾಗುತ್ತದೆ. ಮಡಚುವ ಅಥವಾ ಕಳಚುವ ರೆಕ್ಕೆಗಳಿದ್ದರೆ ಅನುಕೂಲ. ಆದರೆ ಪ್ರತಿ ಬಾರಿ ಜೋಡಿಸಿದಾಗಲೂ ನಿಯಂತ್ರಣ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಬ್ಬರು ರೆಕ್ಕೆಯ ಹಿಂಚಲನ ಫಲಕವನ್ನು ಅಲುಗದಂತೆ ಹಿಡಿದಿರುವಾಗ ಇನ್ನೊಬ್ಬರು ಕಾಕ್‌ಪಿಟ್ಟಿನ ಹಿಡಿಯನ್ನು ಎಳೆದು ನೋಡುವುದು ವಾಡಿಕೆ. ಕೊಂಡಿ ಸೇರದೆ ಹಾರಿದ ವಿಮಾನವನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಅಸಾಧ್ಯ.

ಸ್ವಂತ ಹೊಲವಿದೆಯೆಂದು ಅಲ್ಲಿಂದಲೇ ಹಾರಲಾಗದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ, ವಿ.ಟಿ. ಅಕ್ಷರಗಳಿಂದ ಆರಂಭವಾಗುವ ನೋಂದಣಿ, ಹಾರಾಟಯೋಗ್ಯತೆಯ ಪ್ರಮಾಣಪತ್ರ, ವಿಮೆ ಮತ್ತು ಚಾಲಕನ ಪರವಾನಗಿ ಇವೆಲ್ಲ ಬೇಕು. 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ, 2024 ಜಾರಿಯಲ್ಲಿದೆ.

ಹಳೆಯ ವಿಮಾನವಾದರೆ ಲಾಗ್ ಪುಸ್ತಕಗಳನ್ನು ಮೊದಲ ಪುಟದಿಂದ ಓದಬೇಕು. ವರ್ಷಗಟ್ಟಲೆ ನಿಂತಿದ್ದ ಎಂಜಿನ್, ನಿಯಮಿತವಾಗಿ ಹಾರಿದ ಎಂಜಿನ್ನಿಗಿಂತ ಹೆಚ್ಚು ಸಂಶಯಾಸ್ಪದ. ಒಳಗೆ ತುಕ್ಕು ಹಿಡಿದಿರಬಹುದು. ಫಾಲ್ಕೆಯಂತಹ ಮರದ ರೆಕ್ಕೆಗಳಲ್ಲಿ ಅಂಟು ಬಿಟ್ಟಿದೆಯೇ ಎಂದು ನೋಡಬೇಕು. ನಮ್ಮ ಮಳೆಗಾಲದ ತೇವ ಅಂಟಿಗೆ ಶತ್ರು. ಗಾಜಿನ ನಾರಿನ ರೆಕ್ಕೆಯಾದರೆ ನಾಣ್ಯದಿಂದ ಮೆಲ್ಲನೆ ತಟ್ಟಿದಾಗ ಬರುವ ಮಂಕಾದ ಸದ್ದು ಪದರ ಬಿಟ್ಟಿರುವುದರ ಸೂಚನೆಯಾಗಿರಬಹುದು. ಮಾರುವವರ ಮಾತಿನ ಮೇಲೆ ನಿಲ್ಲದೆ, ಪರವಾನಗಿಯುಳ್ಳ ನಿರ್ವಹಣಾ ಎಂಜಿನಿಯರರಿಂದ ಸ್ವತಂತ್ರ ತಪಾಸಣೆ ಮಾಡಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಇಂಧನ

ಇಂತಹ ಅನೇಕ ವಿಮಾನಗಳಲ್ಲಿರುವುದು ರೋಟಾಕ್ಸ್ 912 ಎಂಜಿನ್. ಇದು ಪೆಟ್ರೋಲಿನಲ್ಲಿ ಓಡುತ್ತದೆ ಎಂಬ ಮಾತನ್ನು ಕೇಳಿ ಹೆದ್ದಾರಿಯ ಬಂಕಿನಿಂದ ಕ್ಯಾನು ತುಂಬಿಸಿ ತರುವುದು ಅಪಾಯಕರ. ಭಾರತದ ಬಂಕುಗಳಲ್ಲಿ ಈಗ ದೊರೆಯುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಈ ಎಂಜಿನ್ನಿಗೆ ತಯಾರಕರು ಒಪ್ಪಿರುವ ಮಿತಿ ಶೇ. 10. (ಹಾವೇರಿ ಸೀಮೆ ಹೇರಳವಾಗಿ ಬೆಳೆಯುವ ಮೆಕ್ಕೆಜೋಳವೂ ಎಥನಾಲಿನ ಕಚ್ಚಾವಸ್ತುಗಳಲ್ಲೊಂದು.) ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ರಬ್ಬರ್ ನಳಿಕೆಗಳನ್ನು ಕೆಡಿಸುತ್ತದೆ. ಸೀಸಯುಕ್ತ ವಿಮಾನ ಪೆಟ್ರೋಲನ್ನು ಬಳಸಬಹುದು. ಆಗ ಎಂಜಿನ್ ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕಾಗುತ್ತದೆ.

ದೈನಂದಿನ ಪಾಲನೆ

ಗಾಜಿನ ನಾರಿನ ವಿಮಾನಗಳು ಬಿಳಿಯಾಗಿರುವುದು ಅಂದಕ್ಕಾಗಿ ಅಲ್ಲ. ಅನೇಕ ಮಾದರಿಗಳಲ್ಲಿ ರಾಳದ ಬಲಕ್ಕೆ ಖಾತರಿಯಿರುವುದು ಸುಮಾರು 54 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಏಪ್ರಿಲ್ ತಿಂಗಳಿನಲ್ಲಿ ತಗಡಿನ ಗೋದಾಮಿನ ಒಳಗಿನ ಕಾವು ಹೊರಗಿನದಕ್ಕಿಂತ ಬಹಳ ಹೆಚ್ಚು. ಮೆಣಸಿನಕಾಯಿ, ಬೀಜ, ಗೊಬ್ಬರ ಇಡುವ ಗೋದಾಮಿನ ಒಂದು ಮೂಲೆಯನ್ನು ವಿಮಾನಕ್ಕೆ ಬಿಟ್ಟುಕೊಡುವುದೂ ಸಲ್ಲದು: ಗೊಬ್ಬರದ ಪುಡಿ ಲೋಹವನ್ನು ತಿನ್ನುತ್ತದೆ, ಕಾಳಿಗೆ ಬರುವ ಇಲಿಗಳು ತಂತಿಗಳನ್ನು ಕಡಿಯುತ್ತವೆ.

ವೇಗಮಾಪಕಕ್ಕೆ ಗಾಳಿಯನ್ನು ಒಯ್ಯುವ ಪಿಟೋಟ್ ನಳಿಕೆಯಲ್ಲಿ ಕಣಜದ ಹುಳುಗಳು ಮಣ್ಣಿನ ಗೂಡು ಕಟ್ಟುವುದುಂಟು. ಇದಕ್ಕೆ ಕೆಲವು ದಿನಗಳೂ ಬೇಕಾಗಿಲ್ಲ. ನಳಿಕೆ ಮುಚ್ಚಿದರೆ ಚಾಲಕನಿಗೆ ಸುಳ್ಳು ವೇಗ ಕಾಣುತ್ತದೆ. ಕೆಂಪು ಪಟ್ಟಿಯುಳ್ಳ ಮುಚ್ಚಳವನ್ನು ಪ್ರತಿ ಹಾರಾಟದ ನಂತರ ತೊಡಿಸಿ, ಮುಂದಿನ ಹಾರಾಟಕ್ಕೆ ಮೊದಲು ತಪ್ಪದೆ ತೆಗೆಯಬೇಕು.

ಎರೆಮಣ್ಣಿನ ಧೂಳು ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಿಗೆಯನ್ನು ಗೀಚುತ್ತದೆ. ಮೊದಲು ಧಾರಾಳವಾಗಿ ನೀರು ಸುರಿದು, ಆನಂತರ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಬೇಕು. ಪೆಟ್ರೋಲ್, ಸೀಮೆಎಣ್ಣೆ ಮುಟ್ಟಿಸಬಾರದು. ಎಂಜಿನ್ನಿನ ಎಣ್ಣೆಯ ಮಟ್ಟ ನೋಡುವ ಮೊದಲು ಕಿಡಿಯ ಸ್ವಿಚ್ಚನ್ನು ಆರಿಸಿ, ತೊಟ್ಟಿಯಲ್ಲಿ ಗೊಳಗೊಳ ಸದ್ದು ಕೇಳುವವರೆಗೆ ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ರಬ್ಬರ್ ನಳಿಕೆಗಳನ್ನು ಹಾರಾಟದ ಗಂಟೆಗಳು ಎಷ್ಟೇ ಇರಲಿ 5 ವರ್ಷಕ್ಕೊಮ್ಮೆ ಬದಲಿಸುವುದು ಈ ಎಂಜಿನ್ನಿನ ನಿಯಮ.

ಬೇಸಿಗೆಯ ಹಾರಾಟ ಮತ್ತು ಹೊಲದಲ್ಲಿ ಇಳಿಯುವುದು

ಈ ಭಾಗವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ತಾಪಮಾನ 38 ಡಿಗ್ರಿ ಮುಟ್ಟಿದ ಮಧ್ಯಾಹ್ನ ಗಾಳಿ ತೆಳುವಾಗಿ, ವಿಮಾನವು 1,500 ಮೀಟರಿಗಿಂತ ಹೆಚ್ಚು ಎತ್ತರದ ಊರಿನಲ್ಲಿರುವಂತೆ ವರ್ತಿಸುತ್ತದೆ. ನೆಲ ಬಿಡಲು ಉದ್ದವಾದ ಓಟ ಬೇಕಾಗುತ್ತದೆ. ತೇಲುವುದಕ್ಕೆ ಅನುಕೂಲವಾದ ಏರುಪ್ರವಾಹಗಳು ಬಲವಾಗಿರುವುದೂ ಅದೇ ಹೊತ್ತಿನಲ್ಲಿ.

ಎಂಜಿನ್ ಮತ್ತೆ ಚಾಲೂ ಆಗುತ್ತದೆ ಎಂಬ ಭರವಸೆಯ ಮೇಲೆ ತಗ್ಗಿಗೆ ಇಳಿಯುವುದು ಮೋಟಾರ್ ಗ್ಲೈಡರ್ ಚಾಲಕರ ಅತಿ ಅಪಾಯಕಾರಿ ಅಭ್ಯಾಸ. ಇಳಿಯಬಹುದಾದ ಹೊಲವೊಂದು ಸದಾ ಕಣ್ಣಳತೆಯಲ್ಲಿರಬೇಕು. ಸುಗ್ಗಿ ಮುಗಿದ ಹೊಲಗಳಿರುವ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಲ ಇದಕ್ಕೆ ಒಳ್ಳೆಯದು. ಆಗಸ್ಟ್ ಹೊತ್ತಿಗೆ ಮೆಕ್ಕೆಜೋಳ ಆಳೆತ್ತರ ಬೆಳೆದಿರುತ್ತದೆ. ತಗ್ಗಿನ ರೆಕ್ಕೆಯ ತುದಿ ಅದಕ್ಕೆ ತಾಗಿದರೆ ವಿಮಾನ ಗಿರಕಿ ಹೊಡೆಯುತ್ತದೆ. ಮಳೆ ಬಿದ್ದ ಎರೆಭೂಮಿಯಲ್ಲಿ ಚಕ್ರ ಹೂತುಕೊಳ್ಳುತ್ತದೆ, ಮಸಾರಿ ನೆಲ ಅದಕ್ಕಿಂತ ವಾಸಿ. ಮೇಲಿನಿಂದ ವಿದ್ಯುತ್ ತಂತಿಗಳು ಕಾಣುವುದಿಲ್ಲವಾದ್ದರಿಂದ ಕಂಬಗಳನ್ನು ಹುಡುಕಬೇಕು. ಪಂಪ್‌ಸೆಟ್ ಇರುವ ಹೊಲಕ್ಕೆ ತಂತಿ ಬಂದೇ ಬಂದಿರುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಹುಲ್ಲುಬಯಲು ಮೇಲಿನಿಂದ ಸಮತಟ್ಟಾಗಿ ಕಂಡರೂ, ಅದು ಸುಮಾರು 119 ಚದರ ಕಿ.ಮೀ. ವಿಸ್ತಾರದ ಸಂರಕ್ಷಿತ ಪ್ರದೇಶ. ಅದರ ಮೇಲೆ ತಗ್ಗಿನಲ್ಲಿ ಹಾರಿ ಮೃಗಗಳನ್ನು ಬೆದರಿಸಬಾರದು.