ವಿಶ್ವವಿದ್ಯಾಲಯ ವಿಭಾಗದ ಜಾಲಕ್ಕೆ ಗಣಕಯಂತ್ರ ಜೋಡಿಸುವ ನಿಯಮಗಳು

ವಿಶ್ವವಿದ್ಯಾಲಯದ ಒಂದು ವಿಭಾಗದ ಗಣಕ ಜಾಲಕ್ಕೆ ಯಾರು, ಯಾವ ಯಂತ್ರವನ್ನು, ಯಾವ ಷರತ್ತುಗಳಿಗೆ ಒಳಪಟ್ಟು ಜೋಡಿಸಬಹುದು ಎಂಬುದನ್ನು ಈ ನಿಯಮಗಳು ನಿರ್ಧರಿಸುತ್ತವೆ. ಬ್ಯಾಂಕು ಅಥವಾ ಕಚೇರಿಯ ಜಾಲದಲ್ಲಿರುವ ಯಂತ್ರಗಳು ಬಹುತೇಕ ಆ ಸಂಸ್ಥೆಗೇ ಸೇರಿದವು. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಹಾಗೂ ಅತಿಥಿ ಸಂಶೋಧಕರ ಸ್ವಂತ ಯಂತ್ರಗಳೂ ಸೇರುವುದರಿಂದ ನಿಯಮಗಳ ಅಗತ್ಯ ಹೆಚ್ಚು.

ಹಿನ್ನೆಲೆ

ಆರಂಭದ ಜಾಲಗಳು ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತಿದ್ದವು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಡುಗಡೆ ಮಾಡಿದ ಹುಳು ತಂತ್ರಾಂಶವು ಒಂದೇ ಯಂತ್ರವನ್ನು ಮತ್ತೆ ಮತ್ತೆ ಹೊಕ್ಕು ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿತು. ಇವುಗಳಲ್ಲಿ ಅನೇಕವು ವಿಶ್ವವಿದ್ಯಾಲಯಗಳ ಯಂತ್ರಗಳಾಗಿದ್ದವು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಹುಳು ಹರಡಿತು. ಅಮೆರಿಕದಲ್ಲಿ ಆ ವೇಳೆಗೆ ಹೊಸ ಶೈಕ್ಷಣಿಕ ವರ್ಷ ಆರಂಭವಾಗುತ್ತಿದ್ದು, ರಜೆ ಮುಗಿಸಿ ಬಂದವರ ಯಂತ್ರಗಳೊಡನೆ ಸೋಂಕೂ ಆವರಣದೊಳಗೆ ಬಂದಿತು. ಅದನ್ನು ತಡೆಯುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಜುಲೈಯಲ್ಲೇ ನೀಡಿತ್ತು, ಹಾಕಿಕೊಂಡವರು ಕಡಿಮೆ.

ನೋಂದಣಿ

ಪ್ರತಿ ನೆಟ್‌ವರ್ಕ್ ಕಾರ್ಡಿಗೆ 48 ಬಿಟ್‌ಗಳ ಮ್ಯಾಕ್ ವಿಳಾಸವಿರುತ್ತದೆ. ಅದನ್ನು ಮಾಲೀಕರ ಹೆಸರು ಮತ್ತು ಕೊಠಡಿಯೊಂದಿಗೆ ನೋಂದಾಯಿಸಿಕೊಂಡು, ನಂತರ ಐಪಿ ವಿಳಾಸ ನೀಡುವುದು ಹಳೆಯ ಪದ್ಧತಿ. ತನಗೆ ತೋಚಿದ ಐಪಿ ವಿಳಾಸವನ್ನು ಯಂತ್ರಕ್ಕೆ ಹಾಕಿಕೊಳ್ಳುವುದು ನಿಷಿದ್ಧ. ಆ ವಿಳಾಸವು ಮುದ್ರಕದ್ದೋ ಸರ್ವರ್‌ನದೋ ಆಗಿದ್ದರೆ ಎರಡೂ ಯಂತ್ರಗಳ ಸಂಪರ್ಕ ಕೆಡುತ್ತದೆ. ಮ್ಯಾಕ್ ವಿಳಾಸವನ್ನು ಬದಲಿಸಲು ಸಾಧ್ಯವಿರುವುದರಿಂದ ಈ ನೋಂದಣಿಯನ್ನು ಗುರುತಿನ ಪುರಾವೆ ಎನ್ನಲಾಗದು. ಇಂದಿನ ಮೊಬೈಲ್ ಫೋನುಗಳು ವೈಫೈಗೆ ತಾವಾಗಿಯೇ ಯಾದೃಚ್ಛಿಕ ಮ್ಯಾಕ್ ವಿಳಾಸವನ್ನು ಬಳಸುತ್ತವೆ. ಆದ್ದರಿಂದ ಬಳಕೆದಾರರ ಹೆಸರು ಹಾಗೂ ಗುಪ್ತಪದವನ್ನು ಪರಿಶೀಲಿಸುವ 802.1ಎಕ್ಸ್ ಮಾನಕವು ಹೆಚ್ಚು ಬಳಕೆಗೆ ಬಂದಿದೆ.

ಖಾಸಗಿ ರೂಟರ್‌ಗಳು

ಅನುಮತಿಯಿಲ್ಲದೆ ರೂಟರ್ ಜೋಡಿಸಬಾರದೆಂಬ ನಿಯಮವು ವಿದ್ಯಾರ್ಥಿಗಳಿಗೆ ಅನಗತ್ಯ ಬಿಗಿಯೆಂದು ತೋರುವುದುಂಟು. ಇದರ ಕಾರಣ ತಾಂತ್ರಿಕವಾದುದು. ಜಾಲಕ್ಕೆ ಸೇರಿದ ಗಣಕವು ತನಗೊಂದು ವಿಳಾಸ ಬೇಕೆಂದು ಎಲ್ಲರಿಗೂ ಕೇಳುವಂತೆ ವಿನಂತಿ ಕಳುಹಿಸುತ್ತದೆ; ವಿಭಾಗದ ಡಿಎಚ್‌ಸಿಪಿ ಸರ್ವರ್ ಉತ್ತರಿಸುತ್ತದೆ. ಮನೆಬಳಕೆಯ ರೂಟರ್‌ನಲ್ಲಿಯೂ ಅಂತಹುದೇ ಸರ್ವರ್ ಅಡಗಿರುತ್ತದೆ. ಕೇಬಲನ್ನು ತಪ್ಪು ಕಿಂಡಿಗೆ ಸಿಕ್ಕಿಸಿದರೆ ಅದೂ ಉತ್ತರಿಸತೊಡಗುತ್ತದೆ. ಗಣಕವು ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಒಪ್ಪುವುದರಿಂದ ಅಕ್ಕಪಕ್ಕದ ಕೊಠಡಿಗಳ ಯಂತ್ರಗಳು ತಪ್ಪು ವಿಳಾಸ ಪಡೆದು ಅಂತರಜಾಲದಿಂದ ಕಡಿದುಹೋಗುತ್ತವೆ. ತಪ್ಪು ಮಾಡಿದವರ ಯಂತ್ರ ಮಾತ್ರ ಸರಿಯಾಗಿ ನಡೆಯುತ್ತಿರಬಹುದು! ನಂಬಿಕೆಯ ಕಿಂಡಿಯಿಂದ ಬಂದ ಉತ್ತರವನ್ನಷ್ಟೇ ಸಾಗಿಸುವ ಸ್ವಿಚ್‌ಗಳು ಇದನ್ನು ತಡೆಯಬಲ್ಲವು. ಹಳೆಯ ಸ್ವಿಚ್‌ಗಳಿರುವ ವಿಭಾಗದಲ್ಲಿ ನಿಯಮವೊಂದೇ ರಕ್ಷಣೆ.

ಸಂಪರ್ಕ ಕಡಿತ

ಸೋಂಕು ತಗುಲಿದ ಯಂತ್ರವನ್ನು ಮುನ್ಸೂಚನೆಯಿಲ್ಲದೆ ಜಾಲದಿಂದ ಬೇರ್ಪಡಿಸುವ ಅಧಿಕಾರವನ್ನು ಜಾಲ ನಿರ್ವಾಹಕರಿಗೆ ನೀಡಲಾಗಿರುತ್ತದೆ. ತಯಾರಕರು ಪರಿಷ್ಕರಣೆ ನಿಲ್ಲಿಸಿರುವ ಹಳೆಯ ಕಾರ್ಯಾಚರಣಾ ವ್ಯವಸ್ಥೆಗಳ ಪ್ರಶ್ನೆ ಜಟಿಲವಾದುದು. ಪ್ರಯೋಗಾಲಯದ ದುಬಾರಿ ಉಪಕರಣವು ಹಳೆಯ ವಿಂಡೋಸ್ ಮೇಲೆಯೇ ನಡೆಯುವಂತಿದ್ದರೆ ಅದನ್ನು ಬಿಸಾಡಲಾಗದು. ಅಂತರಜಾಲದ ನಂಟಿಲ್ಲದ ಪ್ರತ್ಯೇಕ ಉಪಜಾಲದಲ್ಲಿ ಇರಿಸುವುದು ರೂಢಿ.

ಭಾರತದಲ್ಲಿ

ಭಾರತದ ಶೈಕ್ಷಣಿಕ ಜಾಲವಾದ ಅರ್ನೆಟ್ 1986ರಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಪಾಲುದಾರರಲ್ಲೊಂದು. ಒಂದು ಸಂಸ್ಥೆಯ ಗುರುತಿನಿಂದಲೇ ಮತ್ತೊಂದು ಸಂಸ್ಥೆಯ ವೈಫೈ ಬಳಸಲು ಅವಕಾಶ ನೀಡುವ ಎಜುರೋಮ್ ಸೇವೆಯನ್ನು ದೇಶದಲ್ಲಿ ಅರ್ನೆಟ್ ಇಂಡಿಯಾ ನಿರ್ವಹಿಸುತ್ತದೆ.